ಬೆರಿಲ್ ಪ್ರಾಸರ್ ನುಂಗಿದ ಅನುಮತಿ

ಥ್ರಪ್‌ವೆಲ್ ಓಣಿಯಷ್ಟು ಸದ್ದಿಲ್ಲದ ಜಾಗ ಇಂಗ್ಲೆಂಡಿನಲ್ಲಿ ಇಲ್ಲ, ಚಂದ್ರನ ಮೇಲೂ ಇಲ್ಲ. ಅಲ್ಲಿ ಬೆಕ್ಕು ಆಕಳಿಸಿದರೆ ಆಚೆಮನೆಯವರು ಕಿಟಕಿ ಮುಚ್ಚುತ್ತಾರೆ. ಒಂಬತ್ತು ಮನೆ, ಒಂಬತ್ತು ಬೇಲಿ, ಬೇಲಿಗೊಂದು ಹಗೆ. ಹಗೆಯೆಂದರೆ ಬೀದಿಯಲ್ಲಿ ಬಾಯಿ ಮಾಡುವ ಅಗ್ಗದ ಹಗೆಯಲ್ಲ. ಹೋದ ವಸಂತದಲ್ಲಿ ಹುಂಜದ ಕೂಗು ಜಾಸ್ತಿಯಾಯಿತೆಂದು ಮೂರನೇ ಮನೆಯವರು ನಾಲ್ಕನೇ ಮನೆಗೆ ವಿನಯದ ಚೀಟಿ ಬರೆದರು. ಮರುದಿನವೇ ನಾಲ್ಕನೇ ಮನೆಯವರು ಆ ಹುಂಜದ ಕತ್ತು ತಿರುಚಿ, ಹಿಟ್ಟಿನ ಹೊದಿಕೆಯಲ್ಲಿ ಬೇಯಿಸಿ ಪೈ ಮಾಡಿ, ಬಿಸಿಬಿಸಿಯಾಗಿ ತಂದುಕೊಟ್ಟರು. ಮೂರನೇ ಮನೆಯವರು ಅದನ್ನು ಮೂಳೆ ಸಮೇತ ತಿಂದರು, ಬಹಳ ರುಚಿಯಾಗಿತ್ತೆಂದು ಇನ್ನೊಂದು ಚೀಟಿಯನ್ನೂ ಬರೆದರು. ಆಮೇಲೆ ಎರಡು ಮನೆಯವರೂ ಒಬ್ಬರ ಮುಖ ಒಬ್ಬರು ನೋಡಿಲ್ಲ.

ಇಂಥ ಓಣಿಯ ಕೊನೆಯ ಮನೆ ಬೆರಿಲ್ ಪ್ರಾಸರ್‌ದು. ವಯಸ್ಸು ಎಪ್ಪತ್ತು, ಸೊಂಟದೊಳಗೆ ಉಕ್ಕಿನ ಕೀಲು. ಮೂವತ್ತೊಂದು ವರ್ಷ ಕೋಳಿ ಕಾರ್ಖಾನೆಯಲ್ಲಿ ದುಡಿದವಳು. ಅವಳು ಕತ್ತು ಮುರಿದ ಕೋಳಿಗಳನ್ನು ಸಾಲಾಗಿ ಮಲಗಿಸಿದರೆ ಸಾಲು ಲಂಡನ್ನಿಗೆ ಹೋಗಿ, ಅರಮನೆ ಸುತ್ತಿ, ವಾಪಸು ಬರುತ್ತಿತ್ತು. ಅವಳ ಮನೆಯ ಪಕ್ಕದಿಂದ ಸೇಬಿನ ತೋಟದೊಳಗೆ ಒಂದು ಕಾಲುದಾರಿ ಹೋಗುತ್ತದೆ. ಅದರಲ್ಲಿ ಹತ್ತು ನಿಮಿಷ ನಡೆದರೆ ಬಸ್ ಸ್ಟಾಪು. ಆ ದಾರಿ ಇಲ್ಲವೆಂದರೆ ಲಾರಿಗಳು ಹುಚ್ಚೆದ್ದು ಓಡುವ ರಸ್ತೆಯಂಚಿನಲ್ಲಿ ಎರಡು ಮೈಲಿ ಕುಂಟಬೇಕು. ಅದು ಅವಳಿಂದಾಗದು. ದಾರಿ ಹೋದರೆ ಮನೆ ಮಾರಿ, ಪಟ್ಟಣದಲ್ಲಿ ಮುದುಕರಿಗೆಂದೇ ಕಟ್ಟಿದ ಕಟ್ಟಡದ ಒಂದು ಗೂಡಿಗೆ ಹೋಗಬೇಕು. ಆ ಕಟ್ಟಡದಲ್ಲಿ ಸಂಜೆ ನಾಲ್ಕಕ್ಕೇ ಎಲ್ಲರನ್ನೂ ಕೂರಿಸಿ ಚಪ್ಪಾಳೆ ತಟ್ಟಿಸುತ್ತಾರೆಂದು ಬೆರಿಲ್ ಕೇಳಿದ್ದಳು. ಅದಕ್ಕಿಂತ ಲಾರಿಯೇ ವಾಸಿ.

ತೋಟ ಅವಳದಲ್ಲ. ಆದರೆ ಕಾನೂನೊಂದಿದೆ: ಬೇರೆಯವರ ನೆಲದಲ್ಲಿ ಜನ ಇಪ್ಪತ್ತು ವರ್ಷ ಬಿಡದೆ ನಡೆದರೆ ಆ ದಾರಿ ಊರಿನದಾಗುತ್ತದೆ. ಕದ್ದು ನಡೆಯಬಾರದು, ಹೊಡೆದಾಡಿ ನಡೆಯಬಾರದು, ಎಲ್ಲಕ್ಕಿಂತ ಮುಖ್ಯವಾಗಿ, ಅನುಮತಿ ಪಡೆದು ನಡೆಯಬಾರದು. ತೋಟದ ಧಣಿ ಒಂದೇ ಒಂದು ಸಲ 'ಧಾರಾಳವಾಗಿ ನಡೀರಿ' ಅಂದನೋ, ಕಥೆ ಮುಗಿಯಿತು. ಅಲ್ಲಿಂದಾಚೆಗೆ ಅದು ಅವನು ಹಾಕಿದ ಭಿಕ್ಷೆ, ಬೇಕೆಂದಾಗ ಕಿತ್ತುಕೊಳ್ಳಬಹುದು. ಹಳೆಯ ಧಣಿ ಪಾವೆಲ್ ಹತ್ತೊಂಬತ್ತು ವರ್ಷ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಬೆರಿಲ್ ಮತ್ತು ಅವಳ ಹಿಂದೆ ಊರೆಲ್ಲ ನಡೆಯುವುದನ್ನು ನೋಡುತ್ತ ಪೈಪು ಸೇದಿ ಸತ್ತ. ತೋಟ ಕೊಂಡವನು ಜೂಲಿಯನ್ ಟ್ರೆಂಚಾರ್ಡ್, ಕೆಲಸ ಬಿಟ್ಟ ಹಲ್ಲಿನ ಡಾಕ್ಟರು, ಲಂಡನ್ನಿನವನು. ಬಲು ಒಳ್ಳೆಯ ಮನುಷ್ಯ. ಅದೇ ಗಂಡಾಂತರ.

ಇಪ್ಪತ್ತನೇ ವರ್ಷ ಮುಗಿಯಲು ಒಂದೇ ದಿನ ಉಳಿದಿತ್ತು. ಸೋಮವಾರ ಟೀ ಹೊತ್ತಿಗೆ, ಟ್ರೆಂಚಾರ್ಡನ ಮನೆ ಒರೆಸುವ ನೊರೀನ್ ಏದುಸಿರು ಬಿಡುತ್ತ ಬೆರಿಲ್‌ಳ ಅಡುಗೆಮನೆಗೆ ನುಗ್ಗಿದಳು.

"ಕೆಟ್ಟೆ ಕಣೇ ಬೆರಿಲ್! ಡಾಕ್ಟ್ರು ಮೇಜಿನ ಮೇಲೆ ಕಾರ್ಡ್ ಬರೆದಿಟ್ಟಿದಾನೆ. ಚಿನ್ನದ ಅಂಚು. 'ಪ್ರೀತಿಯ ಮಿಸೆಸ್ ಪ್ರಾಸರ್, ನನ್ನ ತೋಟದಲ್ಲಿ ನಡೆಯೋಕೆ ನಿಮಗೆ...'"

ಬೆರಿಲ್ ಅವಳ ಬಾಯಿಗೆ ಪಾತ್ರೆ ಒರೆಸುವ ಬಟ್ಟೆ ತುರುಕಿದಳು. "ಇನ್ನೊಂದು ಪದ ಆಡಿದ್ರೆ ನಾಲಿಗೆ ಕಿತ್ತು ಬೆಕ್ಕಿಗೆ ಹಾಕ್ತೀನಿ!"

ನೊರೀನ್ ಬಟ್ಟೆ ಉಗುಳಿದಳು. "ನಾ ಹೇಳಿದ್ರೆ ಬರೀ ಗಾಳಿಮಾತು, ಲೆಕ್ಕಕ್ಕಿಲ್ಲ ಕಣೇ. ಅವನೇ ಹೇಳ್ಬೇಕು, ನಿಂಗೆ ತಲುಪಬೇಕು. ಅವನ ಲಾಯರು ಫೋನಲ್ಲಿ ಹಂಗಂದಿದ್ದು ನಾನೇ ಕೇಳಿಸ್ಕೊಂಡೆ. ನಾಳೆ ಒಂದಿನ ಮನೇಲೇ ಬಿದ್ದಿರು."

"ಇಪ್ಪತ್ತು ವರ್ಷದಲ್ಲಿ ಒಂದು ಮಂಗಳವಾರ ತಪ್ಪಿಸಿಲ್ಲ. ನಾಳೆ ತಪ್ಪಿಸಿದ್ರೆ ಅವನು ಅದನ್ನೇ ಹಿಡ್ಕೊಂಡು ನೇತಾಡ್ತಾನೆ."

"ಹಂಗಾದ್ರೆ ಕಿವಿಗೆ ಹತ್ತಿ ಇಟ್ಕೋ."

"ಹತ್ತಿನೂ ಇಟ್ಕೋತೀನಿ, ಕೋಳಿ ಕತ್ತು ಮುರಿದ ಈ ಕೈನೂ ತಗೊಂಡು ಹೋಗ್ತೀನಿ."

ಆ ಸಂಜೆಯೇ ಅವಳು ಬಾಗಿಲಲ್ಲಿ ಅಂಚೆಯವನು ಕಾಗದ ಹಾಕುವ ಕಂಡಿಗೆ ಹಲಗೆ ಹೊಡೆದಳು. ಮೊಳೆಗಳು ಎಂಥವೆಂದರೆ ಹಡಗು ಕಟ್ಟಬಹುದಿತ್ತು. ಫೋನಿನ ತಂತಿಯನ್ನು ಕತ್ತರಿಯಿಂದ ಕಚಕ್ಕನೆ ಕತ್ತರಿಸಿದಳು.

ಮಂಗಳವಾರ ಬೆಳಗ್ಗೆ ಒಂಬತ್ತೂವರೆಗೆ, ಕಿವಿಗೆ ಅರ್ಧ ಮೆತ್ತೆಯಷ್ಟು ಹತ್ತಿ ಗಿಡಿದು, ಮೇಲೆ ಉಣ್ಣೆಯ ಸ್ಕಾರ್ಫು ಬಿಗಿದು ಹೊರಟಳು. ತೋಟದ ಗೇಟಿನೊಳಗೆ ದಾರಿಯ ನಟ್ಟನಡುವೆ ಟ್ರೆಂಚಾರ್ಡ್ ನಿಂತಿದ್ದ. ಒಂದು ಕೈಯಲ್ಲಿ ಕಾರ್ಡು, ಇನ್ನೊಂದರಲ್ಲಿ ದೋಣಿ ಓಟದವರು ಕೂಗಲು ಬಳಸುವ ಮೈಕು. ಹತ್ತಿಯ ಸುದ್ದಿ ನೊರೀನಳ ಬಾಯಿಂದ ಅವನಿಗೂ ಮುಟ್ಟಿತ್ತು.

ಅವನು ನಕ್ಕು ಮೈಕನ್ನು ಬಾಯಿಗೆತ್ತಿದ. "ಗುಡ್ ಮಾರ್ನಿಂಗ್, ಮಿಸೆಸ್ ಪ್ರಾಸರ್! ನಿಮಗೆ ಸಂತೋಷದಿಂದ..."

ಹತ್ತಿಯನ್ನು ಸೀಳಿಕೊಂಡು 'ಸಂತೋಷ' ಅವಳ ಕಿವಿಗೆ ಬಂದೇಬಿಟ್ಟಿತು. ಇನ್ನೊಂದು ಪದ ಬಂದರೆ ಇಪ್ಪತ್ತು ವರ್ಷ ಮಣ್ಣುಪಾಲು. ಆದರೆ ದಾರಿಯ ಮೇಲೆ ಹೊಡೆದಾಡುವಂತಿಲ್ಲ. ಅಲ್ಲಿ ಒಂದು ಏಟು ಬಿದ್ದರೂ ಕಾನೂನು ಅವಳ ವಿರುದ್ಧ. ಬೆರಿಲ್ ಬಾಗಿ, ಅವನ ಟೈ ಹಿಡಿದು, "ಸಾರಿ ಡಾಕ್ಟ್ರೇ, ಇಲ್ಲಿ ಬೇಡ" ಅಂದು, ಹಟಮಾರಿ ಕರುವನ್ನು ಎಳೆಯುವಂತೆ ದರದರನೆ ಗೇಟಿನಾಚೆ ಎಳೆದು ಓಣಿಯ ಚರಂಡಿಗೆ ಕೆಡವಿದಳು. ತುರಿಕೆ ಗಿಡಗಳ ಮೇಲೆ ಅವನು ಬಿದ್ದ ಸದ್ದಿಗೆ ಮೂರು ಹಳ್ಳಿಯ ಕಾಗೆಗಳು ಎದ್ದವು.

ಟ್ರೆಂಚಾರ್ಡನೂ ಹೆಂಬೇಡಿಯಲ್ಲ. ನಲವತ್ತು ವರ್ಷ ಓಟದ ದೋಣಿಗೆ ಹುಟ್ಟು ಹಾಕಿದ ತೋಳು. "ಸಾರಿ ಮೇಡಂ!" ಎಂದು ಮೈಕು ಬೀಸಿದ. ಅದು ಬೆರಿಲ್‌ಳ ಕೆನ್ನೆಗೆ ತಾಗಿ ಎರಡು ಹಲ್ಲು ಹಾರಿದವು. ಒಂದು ಈ ಕಡೆಯ ಬೇಲಿಗೆ, ಇನ್ನೊಂದು ಎಲ್ಲಿಗೋ, ಇವತ್ತಿಗೂ ಪತ್ತೆಯಿಲ್ಲ. ಬಾಯಿತುಂಬ ಬಿಸಿ ರಕ್ತ. ಅವಳು ಮುಷ್ಟಿ ಕಟ್ಟಿ ಅವನ ಮೂಗಿಗೆ ಗುದ್ದಿದಳು. ಹಸಿ ಕ್ಯಾರೆಟ್ ಮುರಿದಂತೆ ಲಟ್ ಅಂದಿತು. ಅವನು ಅವಳ ಎಡಗೈಯ ಕಿರುಬೆರಳನ್ನು ಹಿಡಿದು ಹಿಂದಕ್ಕೆ ಮಡಚಿದ; ಬೆರಳು ಹೋಗಬಾರದ ದಿಕ್ಕಿಗೆ ಹೋಗಿ ಅಲ್ಲೇ ನಿಂತಿತು. ನೋವು ಭುಜದವರೆಗೆ ಬೆಂಕಿಯಂತೆ ಏರಿತು. ಆ ಬೆಂಕಿಯೊಳಗೆ ಅವಳಿಗೆ ಆ ಕಟ್ಟಡ ಕಂಡಿತು, ಸಾಲಾಗಿ ಕೂತ ಮುದುಕಿಯರು, ಚಪ್ಪಾಳೆ. ಅವಳು ಕೂಗಲಿಲ್ಲ. ಮಂಡಿಯೂರಿ ಅವನ ಎದೆಯ ಮೇಲೆ ಕೂತಳು.

ಓಣಿಯ ಉಳಿದ ಎಂಟು ಮನೆಯ ಪರದೆಗಳೂ ಒಂದು ಬೆರಳಷ್ಟು ಸರಿದಿದ್ದವು. ಹೊರಗೆ ಬಂದವರು ಯಾರೂ ಇಲ್ಲ. ಇನ್ನೊಬ್ಬರ ವಿಷಯದಲ್ಲಿ ತಲೆಹಾಕುವುದು ಅಲ್ಲಿ ಕೊಲೆಗಿಂತ ಕೆಟ್ಟ ನಡತೆ. ಮೊದಲೇ ಅಂಗಳದಲ್ಲಿದ್ದ ಐದನೇ ಮನೆಯವನೊಬ್ಬ ಮರ್ಯಾದೆಗೆಂದು ಹುಲ್ಲು ಕತ್ತರಿಸುವ ಯಂತ್ರ ನಿಲ್ಲಿಸಿದ. ಗುದ್ದಿನ ಸದ್ದು ಎಲ್ಲರಿಗೂ ಸ್ಪಷ್ಟವಾಗಿ ಕೇಳಲು ಶುರುವಾಯಿತು.

ಕೆಳಗಿನಿಂದ ಟ್ರೆಂಚಾರ್ಡ್ ಕಾರ್ಡನ್ನು ಅವಳ ಮುಖಕ್ಕೆ ಹಿಡಿದ. "ಓದ್ರೀ! ಓದಿ ಒಂದ್ಸಲ!"

ಬೆರಿಲ್ ಕಣ್ಣು ಬಿಗಿಯಾಗಿ ಮುಚ್ಚಿ, ಬಾಯಿ ತೆರೆದು, ಕಾರ್ಡಿಗೆ ಬಾಯಿ ಹಾಕಿದಳು. ಚಿನ್ನದ ಅಂಚು, ರಕ್ತ, ಒಳ್ಳೆಯ ಮಾತು ಎಲ್ಲವನ್ನೂ ಉಳಿದ ಹಲ್ಲಿನಲ್ಲಿ ಅಗಿದು ನುಂಗಿದಳು. ಗಟ್ಟಿ ಕಾಗದ. ಗಂಟಲು ಕೊಯ್ದುಕೊಂಡು ಇಳಿಯಿತು.

"ನಿಮಗೆ ಅನು..." ಎಂದು ಅವನು ಬಾಯಿ ಬಿಟ್ಟ. ಅವಳು ಚರಂಡಿಯಲ್ಲಿ ಬಿದ್ದಿದ್ದ ಹುಳುಕು ಸೇಬನ್ನು ಅಂಗೈಯಲ್ಲಿಟ್ಟು ಆ ಬಾಯಿಗೆ ಗುದ್ದಿದಳು. ಡಾಕ್ಟರನ ಮುಂದಿನ ಹಲ್ಲು ಎರಡು, ಬಲು ದುಬಾರಿಯವು, ಸೇಬಿನಲ್ಲೇ ಉಳಿದವು. ಅನುಮತಿಯ ಉಳಿದ ಅಕ್ಷರಗಳು ಅವನ ಗಂಟಲಲ್ಲೇ ಸಿಕ್ಕಿಕೊಂಡವು.

"ಸಾರಿ ರೀ," ಅಂದಳು ಬೆರಿಲ್, ಎದ್ದು ಸ್ಕರ್ಟು ಕೊಡವಿಕೊಳ್ಳುತ್ತ. "ನನ್ ಬಸ್ಸಿಗೆ ಹೊತ್ತಾಯ್ತು." ಗೇಟು ತೆರೆದು, ದಾರಿಯುದ್ದಕ್ಕೂ ರಕ್ತ ತೊಟ್ಟಿಕ್ಕಿಸುತ್ತ, ಬೆರಳನ್ನು ಬಗಲಲ್ಲಿ ಒತ್ತಿಕೊಂಡು ನಡೆದಳು. ಬಸ್ಸಿನವನು ಅವಳ ಮುಖ ನೋಡಿ ಬಿಳಿಚಿಕೊಂಡ.

"ಏನಾಯ್ತಜ್ಜಿ?"

"ಕಳೆ ಕೀಳ್ತಿದ್ದೆ."

ಮೂರು ವಾರ ಕಳೆದ ಮೇಲೆ ಸ್ಥಳೀಯ ಕೌನ್ಸಿಲ್ಲಿನಿಂದ ದಾರಿಗಳ ಅಧಿಕಾರಿ ಕ್ಲೈವ್ ಬೆಡೋ, ದಾರಿ ಊರಿನದಾಯಿತೇ ಎಂದು ವಿಚಾರಿಸಲು ಬಂದ. ಬೆರಿಲ್‌ಳ ಅಡುಗೆಮನೆಯ ಮೇಜಿನ ಆ ಕಡೆ ಟ್ರೆಂಚಾರ್ಡ್, ಮೂಗಿಗೆ ಪಟ್ಟಿ. ಈ ಕಡೆ ಬೆರಿಲ್, ಬೆರಳಿಗೆ ಪಟ್ಟಿ. ಮಧ್ಯೆ ಟೀ.

"ಬಲವಂತದಿಂದ ದಾರೀಲಿ ನಡೆದ್ರಾ, ಮಿಸೆಸ್ ಪ್ರಾಸರ್?"

"ದಾರೀಲಿ ಒಂದು ಏಟೂ ಬಿದ್ದಿಲ್ಲ. ಚರಂಡೀಲಿ ಬಿತ್ತು. ಚರಂಡಿ ನಿಮ್ಮ ಕೌನ್ಸಿಲ್ದು."

ಬೆಡೋ ಕೆಮ್ಮಿದ. "ಮಿಸ್ಟರ್ ಟ್ರೆಂಚಾರ್ಡ್, ನೀವು ಅನುಮತಿ ಕೊಟ್ಟಿದ್ರಾ?"

"ಕೊಟ್ಟೆ! ಕಾರ್ಡಲ್ಲಿ ಬರೆದು ಕೊಟ್ಟೆ!" ಹಲ್ಲಿಲ್ಲದ ಜಾಗದಿಂದ ಗಾಳಿ ನುಗ್ಗಿತು.

"ಕಾರ್ಡ್ ಎಲ್ಲಿ?"

"ತಿಂದ್ಲು."

"ಓದಿ ತಿಂದ್ರಾ, ಓದದೆ ತಿಂದ್ರಾ?"

"ಕಣ್ಣು ಮುಚ್ಕೊಂಡು ತಿಂದ್ಲು!"

"ತಡೀಬಹುದಿತ್ತಲ್ಲ ನೀವು?"

"ಹೆಂಗ್ರೀ ತಡೀಲಿ? ನನ್ ಎದೆ ಮೇಲೆ ಕೂತಿದ್ಲು!"

ಬೆಡೋ ಪೆನ್ನಿನ ಮುಚ್ಚಳ ತೆಗೆದ. "ಬರ್ಕೋತೀನಿ ಸ್ವಾಮಿ. 'ಎಪ್ಪತ್ತು ವರ್ಷದ ಮಿಸೆಸ್ ಪ್ರಾಸರ್ ಎದೆಯ ಮೇಲೆ ಕೂತಿದ್ದಾಗ, ಮಾಲೀಕರು ಕೆಳಗಿನಿಂದ...' ಇದರ ಒಂದು ಪ್ರತಿ ಚರ್ಚಿನ ಬೋರ್ಡಿಗೆ ಹಾಕ್ತೀವಿ, ಇನ್ನೊಂದು ಊರಿನ ಪತ್ರಿಕೆಗೆ. ನಿಯಮ."

ಬೆರಿಲ್ ಬೆಡೋನ ಪೆನ್ನನ್ನೇ ನೋಡಿದಳು. ಹಾಗೆ ಬರೆದರೆ ಅನುಮತಿ ಕೊಟ್ಟದ್ದಕ್ಕೆ ಸಾಕ್ಷಿಯಾಗುತ್ತದೆ. ದಾರಿ ಹೋಗುತ್ತದೆ, ಮನೆ ಹೋಗುತ್ತದೆ. ಟ್ರೆಂಚಾರ್ಡ್ ಕಿಟಕಿಯಾಚೆ ನೋಡಿದ. ಎಂಟು ಬೇಲಿ, ಎಂಟು ಪರದೆ. ಸಾಯುವ ತನಕ ಅವನು ಇಲ್ಲೇ ಹಾಲು ತರಬೇಕು, ಇಲ್ಲೇ ಹುಲ್ಲು ಕತ್ತರಿಸಬೇಕು. ಪಟ್ಟಿಯ ಕೆಳಗೆ ಅವನ ಮುಖ ಬೀಟ್‌ರೂಟಿನಂತಾಯಿತು.

"ಬರೀಬೇಡಿ," ಅಂದ.

"ಮತ್ತೆ ಮೂಗು?"

"ಕೈಗಾಡಿ ಎಡವಿ ಬಿದ್ದೆ."

"ಅನುಮತಿ?"

ಟ್ರೆಂಚಾರ್ಡ್ ಟೀ ಕಲಕಿದ. "ಕೊಟ್ಟಿಲ್ಲ. ಯಾವತ್ತೂ ಕೊಟ್ಟಿಲ್ಲ."

ಬೆಡೋ ಬರೆದುಕೊಂಡ. ಬೆರಿಲ್ ಕೆಟಲ್ ಎತ್ತಿ, ಮುರಿದ ಬೆರಳು ಚೀರುತ್ತಿದ್ದರೂ ಒಂದು ಹನಿ ಚೆಲ್ಲದೆ, ಡಾಕ್ಟರನ ಕಪ್ಪನ್ನು ಅಂಚಿನವರೆಗೆ ತುಂಬಿದಳು.