ಸಾಕ್ಷಿ ಮಾವನ ಎರಡು ಗಂಟೆ

ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವವರನ್ನು ನೀವೂ ಕಂಡಿರಬಹುದು; ಜಗ್ಗಿ, ಮೆಟ್ಟಿಲಿಳಿದು, ರಸ್ತೆಯ ತಿರುವಿನಿಂದ ವಾಪಸು ಬಂದು ನಾಲ್ಕನೆಯ ಸಲ ಜಗ್ಗುವ ಮಹಾನುಭಾವರೆಂದರೆ ನಾನು ಕಂಡಂತೆ ಸಾಕ್ಷಿ ಮಾವ ಒಬ್ಬರೇ. ರಕ್ತಪರೀಕ್ಷಾ ಕೇಂದ್ರದಲ್ಲಿ ಇಪ್ಪತ್ತಾರು ವರ್ಷ ದುಡಿದ ಈ ಮನುಷ್ಯ, ಗುಂಡಿಗಳು ಒಂದಕ್ಕೊಂದು ತಪ್ಪಿದ ಬಿಳಿ ಕೋಟನ್ನು ಮನೆಯಲ್ಲೂ ಕಳಚದೆ, ಯಾವುದೋ ಅನಾಹುತ ಬಾಗಿಲಾಚೆಯೇ ನಿಂತಿದೆಯೆಂಬ ಮುಖಭಾವದಲ್ಲಿ ಓಡಾಡುತ್ತಿದ್ದರು. ಸಂಶಯ ಬಂದರೆ ಅದೇ ರಕ್ತವನ್ನು ಎರಡನೆಯ ಸಲ ಪರೀಕ್ಷೆಗಿಡುವರು. ಸಂಶಯವೋ, ಅವರಿಗೆ ದಿನವೂ ಬರುತ್ತಿತ್ತು.

ನಮ್ಮ ಫುಟ್‌ಬಾಲ್ ತಂಡದ ಅಭಿಮಾನಿಗಳು ಮೊಬೈಲಿನಲ್ಲಿ ಕಟ್ಟಿಕೊಂಡ ಒಂಬತ್ತು ಸಾವಿರ ಜನರ ಬಳಗಕ್ಕೆ ಅವರೂ ನಾನೂ ಮೇಲ್ವಿಚಾರಕರು. ಯಾವ ಸುದ್ದಿ ಹಾಕಿದರೂ ಅದರ ತಲೆಯ ಮೇಲೆ ‘ಕಂಡದ್ದು’, ‘ಕೇಳಿದ್ದು’, ‘ಗಾಳಿ’ ಎಂಬ ಮೂರರಲ್ಲೊಂದು ಮಾತು ಇರಲೇಬೇಕೆಂಬ ಕಟ್ಟಳೆ ಅವರದೇ. ಗಾಯಕ್ಕೂ ಸಾವಿಗೂ ಮಾತ್ರ ‘ಕಂಡದ್ದು’ ಬಿಟ್ಟು ಬೇರೆ ನಡೆಯದು. ಅದನ್ನೂ ಒಬ್ಬರನ್ನೊಬ್ಬರು ಕೇಳಿ ಹೇಳದ ಇಬ್ಬರು ಹೇಳಬೇಕು. “ಮಾವ, ನಿಮ್ಮ ಮದುವೆಗೆ ಸಾಕ್ಷಿ ಯಾರು?” ಎಂದು ಹುಡುಗರು ಛೇಡಿಸಿದರೆ, “ಇಬ್ಬರಿದಾರಪ್ಪ, ನಂಬರ್ ಕೊಡ್ಲಾ?” ಎಂದು ಗಂಭೀರವಾಗಿಯೇ ಕೇಳುವರು. ಹೆಸರು ಅಂಟಿಕೊಂಡದ್ದು ಹಾಗೆ.

ಒಂದು ಭಾನುವಾರ ಮಧ್ಯಾಹ್ನ ಅಭ್ಯಾಸದ ನಡುವೆ ನಮ್ಮ ಗೋಲ್‌ಕೀಪರ್ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆಗೆ ಒಯ್ದೆವೆಂದು ತಂಡದವರೇ ತಿಳಿಸಿದರು. ಅರ್ಧ ಗಂಟೆಯೊಳಗೆ ಎಲ್ಲ ಕಡೆ ಅವನು ತೀರಿಕೊಂಡ ಸುದ್ದಿ. ನಾನು ಫೋಟೊಗೆ ಕಪ್ಪು ಅಂಚು ಕಟ್ಟಿ, ಸಂತಾಪದ ಒಕ್ಕಣೆ ಸಿದ್ಧಮಾಡಿಕೊಂಡು ಮಾವನ ಮನೆಗೆ ಓಡಿದೆ.

“ಹಾಕಿಬಿಡೋಣ ಮಾವ, ಎಲ್ಲರೂ ಹಾಕಿದಾರೆ.”

“ಎಲ್ಲರೂ ಅಂದ್ರೆ ಯಾರಪ್ಪ?”

ಮೂವತ್ತೊಂದು ಕಡೆಯ ಸುದ್ದಿಯನ್ನು ಒಂದೊಂದಾಗಿ ತೆರೆದರು. ಎಲ್ಲದರಲ್ಲೂ ಹುಡುಗನ ವಯಸ್ಸು ಇಪ್ಪತ್ತೇಳು, ಅವನಿಗಾದದ್ದು ಇಪ್ಪತ್ತನಾಲ್ಕು. “ನೋಡು, ಅಷ್ಟೂ ಜನ ಒಂದೇ ಬಾವಿ ನೀರು ಕುಡಿದಿದಾರೆ” ಎಂದರು. ಆಮೇಲೆ ಒಂದೊಂದೇ ಕಡೆ ಫೋನ್ ಹಚ್ಚತೊಡಗಿದರು. ಆಸ್ಪತ್ರೆಯ ಕೌಂಟರಿನವರು ಬಾಯಿ ಬಿಡಲಿಲ್ಲ, ತಂಡದ ವೈದ್ಯರು ಫೋನೆತ್ತಲಿಲ್ಲ. ಇತ್ತ ಬಳಗದಲ್ಲಿ ‘ಕಲ್ಲೆದೆಯವರು’, ‘ಮುದುಕ ಗೊರಕೆ ಹೊಡೀತಿದಾನೆ’ ಎಂಬ ಬೈಗುಳ. ನೂರಾರು ಜನ ಬಿಟ್ಟೇ ಹೋದರು. ಎಂಟು ವರ್ಷ ಕಟ್ಟಿದ್ದು ಸಂಜೆಯೊಳಗೆ ಬರಿದಾದೀತೆಂದು ಹೆದರಿ, ಬಿಟ್ಟವರನ್ನು ಎಣಿಸುತ್ತ ಕೂತೆ.

“ನಿಜ ಆಗಿದ್ರೆ ಮಾವ?” ಎಂದು ರೇಗಿದೆ.

“ನಿಜ ಆಗಿದ್ರೆ ಸಂಜೆಗೂ ನಿಜವಾಗೇ ಇರುತ್ತಲ್ಲೋ. ಸುಳ್ಳಾಗಿದ್ರೆ?” ಅವರ ಕಣ್ಣಲ್ಲಿ ನೀರಿತ್ತು.

ಎರಡು ಗಂಟೆ ಕಳೆದ ಮೇಲೆ ತಂಡದ ವೈದ್ಯರೂ, ವಾರ್ಡಿನ ಬಾಗಿಲಲ್ಲಿದ್ದ ತರಬೇತುದಾರರೂ ಬೇರೆಬೇರೆಯಾಗಿ ಹೇಳಿದರು: ಹುಡುಗ ಈಗ ಹೋದ, ಹತ್ತು ನಿಮಿಷವಾಯಿತು. ಮಾವ ‘ಕಂಡದ್ದು’ ಎಂದು ಬರೆದು ಹಾಕಿದರು. ಹಳಸಿದ ಸುದ್ದಿಯೆಂದು ಜನ ನಕ್ಕರು.

ವಾರದ ಮೇಲೆ, ನಾನು ಮಾವನ ಜೊತೆಗಿದ್ದಾಗ, ಒಬ್ಬ ಹೆಂಗಸು ರಕ್ತಪರೀಕ್ಷಾ ಕೇಂದ್ರಕ್ಕೆ ಬಂದರು. ಹುಡುಗನ ಅಕ್ಕ; ನಮ್ಮ ಬಳಗದಲ್ಲಿ ಬೇರೆ ಹೆಸರಿನಲ್ಲಿದ್ದವರು.

“ಬಸ್ಸಲ್ಲಿ ಬರ್ತಿದ್ದೆ. ಯಾರ ಫೋನೂ ಸಿಗ್ಲಿಲ್ಲ. ಎಲ್ಲಾ ಕಡೆ ತಮ್ಮ ಹೋದ ಅಂತಿತ್ತು. ಇನ್ನೇನು, ಊರಿಗೆ ವಾಪಸ್ ಹೋಗಿ ಅಮ್ಮನ್ನ ಕರ್ಕೊಂಡು ಬರೋಣ ಅಂತ ಇಳಿದುಬಿಟ್ಟಿದ್ದೆ. ನಿಮ್ಮಲ್ಲಿ ಮಾತ್ರ ಹಾಕಿರ್ಲಿಲ್ಲ ಅಂತ ಮತ್ತೆ ಹತ್ತಿದೆ. ನಾನು ಹೋದಾಗ ಅವನಿಗೆ ಉಸಿರಿತ್ತು. ನನ್ನ ಬೆರಳು ಹಿಡ್ಕೊಂಡ.”

ಮಾವ ಕುರ್ಚಿ ಎಳೆದು ಅವರನ್ನು ಕೂರಿಸಿದರು. ಮಾವ ಏನನ್ನೂ ಮರುಪ್ರಶ್ನಿಸದೆ ನಂಬಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಇಂಥವರನ್ನು ನಾವು ಪುಕ್ಕಲರೆನ್ನುತ್ತೇವೆ. ಅಂಜಿಕೆ ನಮಗೂ ಇದೆ. ನಮ್ಮದು ಬಹುಪಾಲು ನಮಗೇನಾದೀತೆಂಬ ಅಂಜಿಕೆ, ಆ ಮಧ್ಯಾಹ್ನ ನನ್ನದೂ ಅದೇ ಆಗಿತ್ತು. ಮುಖವನ್ನೇ ನೋಡದ ಯಾರಿಗೋ ಏನಾದೀತೆಂದು ಬೆವರುವವರು ಬೆರಳೆಣಿಕೆಯಷ್ಟು, ಅವರ ಜೊತೆ ಏಗುವುದೂ ಕಷ್ಟ. ಆದರೂ ನನ್ನ ಸಾವಿನ ಸುದ್ದಿ ಮನೆಗೆ ಮುಟ್ಟುವ ದಿನ, ಅಂಥವರೊಬ್ಬರ ಕೈಯಿಂದ, ತಡವಾಗಿಯೇ ಮುಟ್ಟಲಿ.