ಅಕ್ಕನ ದನಿಯ ಮಟ್ಟ

ಕಣ್ಣು ಕಾಣದ ಮಕ್ಕಳಿಗಾಗಿ ಅಕ್ಕ ಓದಿದ ಕಡಲಯಾನದ ಕಥೆಯ ಧ್ವನಿಮುದ್ರಣದ ಮಟ್ಟ ಸಮ ಮಾಡುವ ಕೆಲಸ ತಮ್ಮನ ತಲೆಗೇ ಬಂತು. ಸ್ಟುಡಿಯೋದಲ್ಲಿ ಅವನ ಕಸುಬೇ ಅದು: ಒಂದು ಅಧ್ಯಾಯ ಕಿರುಚಿ ಇನ್ನೊಂದು ಗೊಣಗಬಾರದು, ಕೇಳುವವರ ಕೈ ಮತ್ತೆ ಮತ್ತೆ ವಾಲ್ಯೂಮ್ ಹುಡುಕಬಾರದು. ಬೇರೆ ಯಾರ ದನಿಯಾದರೂ ನೀರು ಕುಡಿದಷ್ಟು ಸುಲಭ.

ಓದಲು ಶುರುಮಾಡಿದಾಗ ಅಕ್ಕನದು ಕಂಚಿನ ಕಂಠ. ಹಡಗಿನ ಕಪ್ತಾನ ಗುಡುಗಿದರೆ ಗಾಜಿನಾಚೆ ಕೂತ ತಮ್ಮ ಹೆಡ್‌ಫೋನ್ ಕಿತ್ತು ಹಿಡಿಯುತ್ತಿದ್ದ. ನಡುವೆ ಕಾಯಿಲೆ ಗಂಟಲಿಗಿಳಿಯಿತು. ದನಿ ಇನ್ನು ಇಳಿಯುವುದೇ ಹೊರತು ಏರುವುದಿಲ್ಲ ಎಂದರು ಡಾಕ್ಟರು. ಅಕ್ಕ ಹಟ ಬಿಡದೆ, ಕೊನೆಯ ಅಧ್ಯಾಯಗಳನ್ನು ಏದುಸಿರು ಬಿಡುತ್ತಲೇ ಮುಗಿಸಿದಳು. ಇದೇ ತನ್ನ ಕಡೆಯ ಪುಸ್ತಕವೆಂದು ಅವಳಿಗೂ ಗೊತ್ತಿತ್ತು.

ತಮ್ಮ ಆ ಅಧ್ಯಾಯಗಳ ದನಿ ಏರಿಸಿದ. ಮಾತಿನ ಜೊತೆಗೆ ಉಸಿರಿನ ಗೊರಗೊರ, ಎಂಜಲು ನುಂಗುವ ಸದ್ದು, ಕುರ್ಚಿಯ ಕಿರಕಿರ ಎಲ್ಲವೂ ಎದ್ದು ಬಂದವು. ಅವನ್ನು ತೆಗೆಯಹೋದರೆ ಮಾತಿನ ಅಂಚೇ ಸವೆಯಿತು. ದನಿಯ ಮಟ್ಟ ಅಳೆಯುವ ಮೀಟರ್ ಮಾತ್ರ ಎಲ್ಲ ಸರಿಯಿದೆ ಎನ್ನುತ್ತಿತ್ತು. ಆ ಉಸಿರನ್ನು ಕೇಳಲಾರದೆ ಅವನು ಉಲ್ಟಾ ದಾರಿ ಹಿಡಿದ: ಕೊನೆಯದನ್ನು ಎತ್ತುವ ಬದಲು ಮೊದಲಿನ ಗಟ್ಟಿ ಅಧ್ಯಾಯಗಳನ್ನೇ ಕೆಳಕ್ಕೊತ್ತಿ ಸಮ ಮಾಡಿದ.

ಸ್ಟುಡಿಯೋ ಯಜಮಾನಿ ಕೇಳಿ ಹಣೆ ಚಚ್ಚಿಕೊಂಡಳು. "ಹೀಗಿದ್ರೆ ಮಕ್ಕಳು ವಾಲ್ಯೂಮ್ ಏರಿಸ್ತಾರೆ, ಆ ಉಸಿರೂ ಏರುತ್ತೆ. ನಿಮಗೆ ಇದನ್ನ ನಾನು ಹೇಳ್ಕೊಡಬೇಕಾ?"

ಹೇಳಿಕೊಡಬೇಕಾಗಿರಲಿಲ್ಲ.

"ಕೊನೇದನ್ನ ಬೇರೆಯವರ ಕೈಲಿ ಓದಿಸೋಣ. ಅಕ್ಕನಿಗೆ ನೀವೇ ಹೇಳಿ."

ಮನೆಗೆ ಹೋದವನು ಹೇಳುವ ಬದಲು ಅದನ್ನೇ ಮತ್ತೆ ಕೇಳುತ್ತ ಕೂತ. ಅಕ್ಕನೇ ಹೆಡ್‌ಫೋನ್ ಕಸಿದು ಮೊದಲ ಅಧ್ಯಾಯ ಕೇಳಿದಳು. ಹುಬ್ಬು ಗಂಟಿಕ್ಕಿತು.

"ಏನೋ ಇದು, ನನ್ನ ಕಪ್ತಾನನಿಗೆ ಶೀತ ಆಗಿದ್ಯಾ?" ದನಿ ಪಿಸುಮಾತಿಗಿಂತ ತುಸು ಮೇಲಿತ್ತು ಅಷ್ಟೇ.

"ಕೊನೇದಕ್ಕೆ ಹೊಂದ್ಲಿ ಅಂತ..."

"ಮಂಕೇ! ಕೆಟ್ಟಿರೋದು ಸಾಲ್ದು ಅಂತ ಚೆನ್ನಾಗಿರೋದನ್ನೂ ಕೆಡಿಸಿದ್ಯಾ? ಎಲ್ಲಿ, ಆ ಕೊನೇದನ್ನ ಏರಿಸಿ ಹಾಕು."

ಹಾಕಿದ. ಅಕ್ಕ ನೆಲ ನೋಡುತ್ತಾ ಪೂರ್ತಿ ಕೇಳಿದಳು. ತನ್ನ ಉಸಿರನ್ನು ಅವಳು ಹೊರಗಿನಿಂದ ಕೇಳಿದ್ದು ಅದೇ ಮೊದಲು.

"ಮಕ್ಕಳು ಹೆದರ್ಕೋತಾರೆ ಕಣೋ," ಎಂದಳು. "ಬೇರೆ ಯಾರಿಗಾದ್ರೂ ಕೊಡು."

"ಇನ್ನೊಂದ್ಸಲ ನೋಡ್ತೀನಿ, ಅಕ್ಕಾ."

"ಏನ್ ನೋಡ್ತೀಯ? ಅದರಲ್ಲಿರೋದೇ ಅಷ್ಟು."

ಸ್ಟುಡಿಯೋಗೆ ಹೊಸ ಓದುಗಿತ್ತಿ ಬಂದಳು, ಕೊನೆಯ ಅಧ್ಯಾಯಗಳನ್ನು ಚೆನ್ನಾಗಿಯೇ ಓದಿದಳು. ಅಕ್ಕ ಶಾಲು ಹೊದ್ದು ತಮ್ಮನ ಪಕ್ಕದಲ್ಲೇ ಕೂತಿದ್ದಳು. ಹೊಸ ದನಿ ಅಕ್ಕನ ಹಳೆಯ ಮಟ್ಟಕ್ಕಿಂತ ಒಂದೆಳೆ ಮೇಲಿತ್ತು. ಅವನು ತುಸು ಇಳಿಸಿದ. ಒಂದೇ ಏಟಿಗೆ ಎರಡೂ ಸಮವಾದವು.

"ಕೂಡ್ತಾ?" ಎಂದಳು ಅಕ್ಕ.

ಇಲ್ಲ ಎನ್ನಲು ಏನಾದರೂ ನೆವ ಸಿಕ್ಕೀತೆಂದು ಅವನು ಮತ್ತೆ ಮೊದಲಿಂದ ಕೇಳಿದ. ಅಕ್ಕ ಕಾಯುತ್ತಿದ್ದಳು.

"ಕೂಡ್ತು," ಎಂದ.