ಸ್ತಾಮೆನಾಳ ಗುರುವಾರ

ನಮ್ಮ ಹಳ್ಳದ ನೀರಗಿರಣಿ ಆರು ಮನೆಗಳ ಪಾಲಿನದು. ವಾರದ ಸರದಿಯಲ್ಲಿ ನಮ್ಮದು ಶುಕ್ರವಾರ. ನಾನು ಚಿಕ್ಕವಳಿದ್ದಾಗ ಅಮ್ಮ ಮೂಟೆಗೊರಗಿ ಉಣ್ಣೆ ಹೆಣೆಯುತ್ತ, ನಡುನಡುವೆ ಬೆಚ್ಚಗಿನ ಹಿಟ್ಟನ್ನು ನನ್ನ ಅಂಗೈಗೆ ಸುರಿಯುತ್ತಿದ್ದಳು. ಆ ಬಿಸುಪು ಇನ್ನೂ ಕೈಯಲ್ಲಿದೆ. ಕರೆಂಟಿನ ಮಿಲ್ಲು ಬಂದದ್ದೇ ಚಕ್ರ ನಿಂತಿತು. ಮೂವತ್ತು ವರ್ಷ ಚಾವಣಿಯ ಮೇಲೆ ಮುಳ್ಳುಬಳ್ಳಿ ಆಳಿತು.

ಈ ಬೇಸಿಗೆಯಲ್ಲಿ ಎಲ್ಲರೂ ಸೇರಿ ಅದನ್ನು ಎಬ್ಬಿಸಿದೆವು. ಬಡಗಿ ಲ್ಯುಬಿಸಾವ್ ಸೌಟಿನಂಥ ಹಲಗೆಗಳ ಹೊಸ ಚಕ್ರ ಕೂರಿಸಿ, ಬುಧವಾರ ಸಂಜೆ ಬೀಸುಕಲ್ಲಿಗೆ ಉಳಿಯಿಂದ ಕಚ್ಚು ಹೊಡೆದು ಮುಳ್ಳು ಹಾಕಿ ಮುಗಿಸಿದ. ಮುಳ್ಳು ಹಾಕಿದ ಕಲ್ಲಿನ ಮೊದಲ ಹಿಟ್ಟಲ್ಲಿ ಬರೀ ಕಲ್ಲುಪುಡಿ, ಹಳ್ಳಕ್ಕೇ ಚೆಲ್ಲಬೇಕು. ಮರುದಿನದ ಸರದಿ ಯಾರದೋ ಅವರೇ ಅದಕ್ಕೆ ಜೋಳ ತರಬೇಕು.

ಮರುದಿನ ಗುರುವಾರ. ವಿತೊಮೀರನ ಮನೆಗೆ ಎರಡು ದಿನ. ಅದರಲ್ಲಿ ಗುರುವಾರವನ್ನು ಮಗಳು ಸ್ತಾಮೆನಾಗೆ ಬಳುವಳಿ ಕೊಡುತ್ತೇನೆಂದು ಅವನಪ್ಪ ಹೇಳಿದ್ದ. ಅವಳು ಹೇಳದೆ ಕೇಳದೆ ಗುಡ್ಡದಾಚೆಯ ಕುರಿಗಾಹಿಯ ಹಿಂದೆ ಹೋದಳು. ಅಣ್ಣ ವಿತೊಮೀರ ಗುರುವಾರವನ್ನು ಬಿಡಲೇ ಇಲ್ಲ.

ಬೆಳಿಗ್ಗೆ ನೋಡಿದರೆ ಗಿರಣಿ ಬಾಗಿಲಲ್ಲಿ ಅಣ್ಣ ತಂಗಿ ಇಬ್ಬರೂ, ಹೆಗಲ ಮೇಲೆ ಒಂದೊಂದು ಮೂಟೆ.

“ಗುಡ್ಡ ಹತ್ತಿ ಓಡಿಹೋದೋಳಿಗೆ ಇಲ್ಲೇನೇ ಕೆಲಸ?”

“ನನ್ನ ದಿನ ಅಣ್ಣಯ್ಯ. ಜೋಳ ತಂದಿದ್ದೀನಿ.”

“ನಾನೂ ತಂದಿದ್ದೀನಿ. ದಿನ ನಂದು.”

ಲ್ಯುಬಿಸಾವ್ ನಕ್ಕುಬಿಟ್ಟ. “ಅಯ್ಯೋ, ಹಳ್ಳಕ್ಕೆ ಚೆಲ್ಲೋ ಹಿಟ್ಟಿಗೆ ಹಿಂಗೆ ಕಿತ್ತಾಡೋರನ್ನ ನಾನು ಕಂಡಿಲ್ಲಪ್ಪಾ!”

ಸ್ತಾಮೆನಾ ನಗಲಿಲ್ಲ. “ಗಿರಣಿ ನಿಲ್ಲೋವರೆಗೂ ಗುರುವಾರದ ಒಳ್ಳೆ ಹಿಟ್ಟೆಲ್ಲ ನೀನೇ ತಿಂದೆ. ತಿನ್ನು, ಬೇಡ ಅನ್ನಲ್ಲ. ಈ ಕೆಟ್ಟ ಹಿಟ್ಟನ್ನಾದ್ರೂ ನಿಂದು ಅಂತ ನನಗೆ ಬಿಡು. ಅಪ್ಪನ ಮನೇಲಿ ನನ್ನದು ಅಂತ ಏನೋ ಒಂದು ಇರಲಿ.”

ವಿತೊಮೀರ ಟೋಪಿ ತೆಗೆದ, ಮತ್ತೆ ಹಾಕಿಕೊಂಡ. ತನ್ನ ಮೂಟೆಯನ್ನು ನೆಲಕ್ಕಿಳಿಸಿ, ಹೋಗಿ ನೀರಿನ ತಡೆಹಲಗೆ ಎತ್ತಿದ.

“ಸುರಿ, ಇನ್ನೇನು ನೋಡ್ತೀಯ.”

ಕಲ್ಲು ಗುರುಗುಟ್ಟಿ ತಿರುಗಿತು. ಬೂದುಬಣ್ಣದ ಹಿಟ್ಟನ್ನು ಸ್ತಾಮೆನಾ ಬೊಗಸೆ ಬೊಗಸೆಯಾಗಿ ಹಳ್ಳಕ್ಕೆ ಬಿಟ್ಟು, ಖಾಲಿ ಚೀಲ ಮಡಚಿ ಹೊರಟಳು.

“ಎಲ್ಲಿಗೇ?” ಎಂದ ಅಣ್ಣ. ಬೇರೆಯವರ ದಿನ ಬೀಸಬೇಕಾದರೆ ನಮ್ಮಲ್ಲಿ ಬಾಯಿಬಿಟ್ಟು ಕೇಳಲೇಬೇಕು. ಅವನು ಕಿವಿ ಕೆಂಪಗೆ ಮಾಡಿಕೊಂಡು ಕೇಳಿದ: “ನಿನ್ನ ದಿನದಲ್ಲಿ ನನ್ನ ಮೂಟೆಗೂ ಒಂಚೂರು ಜಾಗ ಕೊಡ್ತೀಯಾ?”

ಸ್ತಾಮೆನಾ ವಾಪಸ್ ಬಂದು ಕಲ್ಲಿನ ಪಕ್ಕ ಕೂತಳು.

“ತಗೊಂಡು ಬಾ. ನಿಧಾನಕ್ಕೆ ಸುರಿ, ಚೆಲ್ಲೀಯೆ.”